ಫ್ಯಾನ್ ಯಾವ ಕಡೆಗೆ ತಿರುಗ್ತದೆ?

ಮೆಕ್ಯಾನಿಕ್ ಕಾಕ ಜೀಪಿನ ಬಾನೆಟ್ ಒಳಗೆ ಬಗ್ಗಿ ನೋಡಲೂ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಬಂಪರ್ ಮೇಲೆ ಹಾಕಿ, "ಮೋನೇ, ಈ ಫ್ಯಾನ್ ಯಾವ ಕಡೆಗೆ ತಿರುಗ್ತದೆ?" ಅಂತ ಕೇಳಿದರು. ಹನ್ನೊಂದು ವರ್ಷದಿಂದ ಈ ಜೀಪು ಓಡಿಸ್ತಿದ್ದೇನೆ. ನನಗೆ ಗೊತ್ತಿರಲಿಲ್ಲ.

ಹೋದ ವಾರ ಸುಳ್ಯದಿಂದ ಗೊಬ್ಬರ ಹೇರಿಕೊಂಡು ಸಂಪಾಜೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಮಡಿಕೇರಿ ಮುಟ್ಟುವಷ್ಟರಲ್ಲಿ ಮೂರು ಸಲ ನಿಲ್ಲಿಸಿದೆ. ಕೆಳಗೆ ಸಮ ರಸ್ತೆಯಲ್ಲಿ ಏನೂ ತೊಂದರೆ ಇರಲಿಲ್ಲ. ಲೋಡು ಹೊತ್ತು ನಿಧಾನಕ್ಕೆ ಏರುವಾಗ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೆ ಎದುರುಗಾಳಿ ಸಾಲದು, ಆಗ ಫ್ಯಾನೇ ದಿಕ್ಕು. ಈ ವಿಸ್ಕಸ್ ಫ್ಯಾನಿನ ನಡುವಿನ ಡಬ್ಬಿಯಲ್ಲಿ ಸಿಲಿಕಾನ್ ಎಣ್ಣೆ ಇರುತ್ತದೆ. ರೇಡಿಯೇಟರಿನ ಬಿಸಿ ಗಾಳಿ ತಾಗಿದಾಗ ಮುಂದಿರುವ ಸುರುಳಿ ಪಟ್ಟಿ ಹೊರಳಿ ಎಣ್ಣೆಗೆ ದಾರಿ ಬಿಡುತ್ತದೆ. ಆ ಗಟ್ಟಿ ಎಣ್ಣೆಯ ಹಿಡಿತಕ್ಕೆ ಫ್ಯಾನ್ ಜೋರಾಗಿ ಸುತ್ತುತ್ತದೆ. ನಮ್ಮದರಲ್ಲಿ ಡಬ್ಬಿಯ ಸುತ್ತ ಜಿಡ್ಡಿಗೆ ಧೂಳು ಮೆತ್ತಿ ಕಪ್ಪಗಾಗಿತ್ತು. ಬಿಸಿ ಎಂಜಿನ್ ಆಫ್ ಮಾಡಿ ಒಂದು ಬೆರಳಲ್ಲಿ ತಳ್ಳಿದರೆ ಗಿರಗಟ್ಟೆಯ ಹಾಗೆ ತಿರುಗಿತು. ಎಣ್ಣೆ ಸೋರಿಹೋಗಿದೆ ಅಂತ ಅಲ್ಲೇ ಗೊತ್ತಾಯ್ತು.

ಒಂದು ಗ್ಯಾರೇಜಿನಲ್ಲಿ, ವಾಟರ್ ಪಂಪ್ ಸಮೇತ ಬದಲಿಸಬೇಕು ಅಂದರು. ಪಂಪನ್ನು ಮುಟ್ಟಿಯೂ ನೋಡಲಿಲ್ಲ. ಹೀಗೆ ಹೇಳುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಾವೇ ಬಿಚ್ಚೋಣ ಅಂತ ಅಣ್ಣನ ಮಗನನ್ನು ಕರೆದೆ. ಹತ್ತೊಂಬತ್ತರ ಹುಡುಗ. ಮಾತು ಕಡಿಮೆ, ಕೆಲಸದಲ್ಲಿ ಅಚ್ಚುಕಟ್ಟು. ಬ್ಯಾಟರಿ ವಯರ್ ತೆಗೆದ, ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿದ, ರೇಡಿಯೇಟರಿಗೆ ಪೆಟ್ಟಾಗದಿರಲಿ ಅಂತ ರಟ್ಟು ಇಳಿಸಿದ. ಯಾರೂ ಹೇಳಿಕೊಟ್ಟಿದ್ದಲ್ಲ.

ಫ್ಯಾನನ್ನು ಪಂಪಿನ ಪುಲ್ಲಿಯ ಮುಂದೆ ಹಿಡಿದಿಟ್ಟಿರುವುದು ಒಂದು 32 ಎಂಎಂ ನಟ್. ಮೊದಲ ದಿನ ಪಾನಾ ಹಾಕಿ ಎಳೆದರೆ ಪುಲ್ಲಿಯೇ ಸುತ್ತುತ್ತದೆ. ಎರಡನೇ ದಿನ ನಟ್ಟಿಗೆ ಎಣ್ಣೆ ಬಿಟ್ಟು, ಪುಲ್ಲಿಯ ಬೋಲ್ಟುಗಳ ನಡುವೆ ಸ್ಕ್ರೂಡ್ರೈವರ್ ಕೊಟ್ಟು, ಪಾನಾಕ್ಕೆ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ಕೂದಲೆಳೆಯಷ್ಟೂ ಅಲುಗಲಿಲ್ಲ. ನನ್ನ ಅಂಗೈ ಒಡೆಯಿತು.

ಆಗ ಹುಡುಗ ಹೇಳಿದ್ದ. "ಚಿಕ್ಕಪ್ಪ, ಇದು ಉಲ್ಟಾ ಥ್ರೆಡ್ ಇರಬಹುದಾ, ಬಲಕ್ಕೆ ತಿರುಗಿಸಿದ್ರೆ ಬಿಚ್ಚುವಂಥದ್ದು?"

"ನೀನು ಸುಮ್ನೆ ಗಟ್ಟಿ ಹಿಡ್ಕೋ" ಅಂದೆ.

ಮೂರನೇ ದಿನ ಕಾಕ ಬಂದಾಗ ನಾನು ಉತ್ತರ ಕೊಡಲಾರದೆ ನಿಂತಿದ್ದೆ. ಹುಡುಗನೇ ಕೈಯಲ್ಲಿ ಸುತ್ತಿ ತೋರಿಸಿದ, ಹೀಗೆ ಅಂತ. ಕಾಕ ತಲೆ ಆಡಿಸಿದರು. "ಫ್ಯಾನ್ ತಿರುಗುವ ಕಡೆಗೇ ತಿರುಗಿಸಿದ್ರೆ ಬಿಚ್ತದೆ. ಬೇರೆ ಥರ ಇದ್ದಿದ್ರೆ ಓಡ್ತಾ ಓಡ್ತಾ ತಾನೇ ಕಳಚಿ ರೇಡಿಯೇಟರಿಗೆ ಹೋಗ್ತಿತ್ತು, ಅಲ್ವಾ?" ಬೆಲ್ಟನ್ನು ಅಂಗೈಯಿಂದ ಒತ್ತಿ ಹಿಡಿಯಲು ಅವನಿಗೆ ಹೇಳಿ, ಪಾನಾ ತುದಿಗೆ ಸುತ್ತಿಗೆಯಲ್ಲಿ ಒಂದೇ ಏಟು ಕೊಟ್ಟರು. ಟಕ್ ಅಂತು. ಉಳಿದದ್ದನ್ನು ಕೈಯಲ್ಲೇ ಬಿಚ್ಚಿದರು.

ಎರಡು ದಿನ ನಾವು ಹಾಕಿದ ಬಲವೆಲ್ಲ ಬಿಗಿ ಮಾಡುವುದಕ್ಕೇ ಹೋಗಿತ್ತು. ಅದು ಹೋಗಲಿ. ಕಾಕ ಕೇಳಿದ್ದೂ ಹುಡುಗ ಕೇಳಿದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಒಬ್ಬರ ಮುಂದೆ ಬಾಯಿಮುಚ್ಚಿ ನಿಂತೆ, ಇನ್ನೊಬ್ಬನ ಬಾಯಿ ಮುಚ್ಚಿಸಿದೆ. ಈ ವಾರ ಕರಿಮೆಣಸು ಆರಿಸುವಾಗಲೂ, ರಾತ್ರಿ ದೀಪ ಆರಿಸಿದ ಮೇಲೂ ಅದೇ ಕಿವಿಯಲ್ಲಿ: ಸುಮ್ನೆ ಗಟ್ಟಿ ಹಿಡ್ಕೋ. ನಮ್ಮ ಅಪ್ಪನೂ ಹೀಗೇ ಅನ್ನುತ್ತಿದ್ದರು. ಕಾಫಿ ಗಿಡದ ಚಿಗುರು ತೆಗೆಯುವಾಗ, ಪೈಪ್ ಜೋಡಿಸುವಾಗ ನನಗೂ ಅಣ್ಣನಿಗೂ ತೋಚಿದ್ದೆಷ್ಟೋ ಹಾಗೇ ನುಂಗಿಕೊಂಡಿದ್ದೆವು. ಅಣ್ಣ ತೋಟ ಬಿಟ್ಟು ಮೈಸೂರಿಗೆ ಹೋದದ್ದಕ್ಕೆ ಕಾಫಿ ರೇಟೇ ಕಾರಣ ಅಂತ ಇಷ್ಟು ವರ್ಷ ಹೇಳುತ್ತಾ ಬಂದಿದ್ದೇನೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ನಿನ್ನೆ ಊಟಕ್ಕೆ ಕೂತಾಗ, "ಮೊನ್ನೆ ನೀನು ಹೇಳಿದ್ದೇ ಸರಿಯಿತ್ತು ಮಗಾ, ನಾನು ಕೇಳಬೇಕಿತ್ತು" ಅಂದೆ. ಅವನು ತಟ್ಟೆ ನೋಡುತ್ತಲೇ ಇದ್ದ. ಆಮೇಲೆ, "ಚಿಕ್ಕಪ್ಪ, ಹೊಸ ವಿಸ್ಕಸ್ಸನ್ನ ಮಲಗಿಸಿ ಇಡಬಾರದಂತೆ, ಎಣ್ಣೆ ಸೋರ್ತದಂತೆ. ಗೋಡೆಗೆ ಒರಗಿಸಿ ನಿಲ್ಲಿಸಿದ್ದೇನೆ" ಅಂದ.