ಜುಲೈ 9, ಬುಧವಾರ: ಎರಡು ಡಿಗ್ರಿಯ ಅಂತರ

ಬೆಳಗ್ಗೆ 5.40

ಫ್ಲೈಯಿಂಗ್ ಸ್ಕೂಲಿಗೆ ಮೊದಲ ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿ, ಬಂತು. ಗಾಳಿ 240 ಡಿಗ್ರಿಯಿಂದ (ನೈಋತ್ಯದ ಕಡೆಯಿಂದ) 8 ನಾಟ್ (ಗಂಟೆಗೆ ಸುಮಾರು 15 ಕಿಲೋಮೀಟರ್), ಗೋಚರತೆ 3000 ಮೀಟರ್, ತುಂತುರು, 900 ಅಡಿಯಲ್ಲಿ ಬ್ರೋಕನ್ (ಅರ್ಧಕ್ಕಿಂತ ಹೆಚ್ಚು ಆಕಾಶ ಮುಚ್ಚಿದ) ಮೋಡ, ತಾಪಮಾನ 22, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪಮಾನ) 20. ಸರ್ಕ್ಯೂಟ್, ಅಂದರೆ ರನ್‌ವೇಯಿಂದ ಏರಿ ಸುತ್ತಿ ಮತ್ತೆ ಇಳಿಯುವ ಅಭ್ಯಾಸದ ಸುತ್ತು, ಹಾರುವುದೇ ನೆಲದಿಂದ 1000 ಅಡಿಯಲ್ಲಿ. ಮೋಡ ಅದಕ್ಕಿಂತ ಕೆಳಗೆ ಕೂತಿದೆ ಅಂದಮೇಲೆ ಚರ್ಚೆಯೇ ಇಲ್ಲ. 6 ಗಂಟೆ ಮತ್ತು 7.30ರ ವಿದ್ಯಾರ್ಥಿಗಳಿಗೆ ಫೋನ್ ಹೋಯಿತು: ಈಗ ಬರಬೇಡಿ, ಮುಂದಿನ ನಿರ್ಧಾರ 9.30ಕ್ಕೆ. ಹೀಗೆ ಗಂಟೆ ಹೇಳಿಬಿಡಬೇಕು. "ನೋಡೋಣ, ಬಿಟ್ಟರೆ ಹೋಗೋಣ" ಅಂತ ಕೂರಿಸಿದರೆ ಹತ್ತು ನಿಮಿಷಕ್ಕೊಮ್ಮೆ ಕಿಟಕಿಗೆ ಹೋಗಿ ಕತ್ತೆತ್ತುವುದೇ ಕೆಲಸವಾಗುತ್ತದೆ. ಕೊನೆಗೆ ಹವೆ ಸುಧಾರಿಸದಿದ್ದರೂ ಕಾದು ಕಾದು ಬಂದ ಬೇಸರವೇ ವಿಮಾನ ಹತ್ತಿಸಿಬಿಡುತ್ತದೆ.

ಇವತ್ತಿನ ದಿನವೆಲ್ಲ ನಿಂತಿರುವುದು ಆ 22 ಮತ್ತು 20ರ ನಡುವಿನ ಅಂತರದ ಮೇಲೆ. ಮೇಲೇರುವ ಗಾಳಿ ಮೋಡವಾಗುವವರೆಗೆ ಪ್ರತಿ 1000 ಅಡಿಗೆ 3 ಡಿಗ್ರಿ ತಣ್ಣಗಾಗುತ್ತದೆ. ಅದರ ಡ್ಯೂ ಪಾಯಿಂಟ್ ಅರ್ಧ ಡಿಗ್ರಿಯಷ್ಟೇ ಇಳಿಯುತ್ತದೆ. ಹಾಗಾಗಿ 1000 ಅಡಿಗೆ ಎರಡೂವರೆ ಡಿಗ್ರಿಯಂತೆ ಎರಡೂ ಹತ್ತಿರವಾಗುತ್ತಾ ಹೋಗುತ್ತವೆ. ಒಂದು ಡಿಗ್ರಿ ಅಂತರಕ್ಕೆ 400 ಅಡಿ. ಈಗಿನ ಎರಡು ಡಿಗ್ರಿಗೆ 800 ಅಡಿ, ವರದಿಯ 900ಕ್ಕೆ ಹತ್ತಿರವೇ. ಮೋಡ 2000 ಅಡಿಗೆ ಏರಬೇಕಾದರೆ ಅಂತರ ಐದಾಗಬೇಕು, ಅಂದರೆ ಡ್ಯೂ ಪಾಯಿಂಟ್ ಅಲ್ಲೇ ಇದ್ದು ತಾಪಮಾನ 25 ಮುಟ್ಟಬೇಕು. ಮಳೆ ಹನಿಯುತ್ತಿರುವವರೆಗೆ ಡ್ಯೂ ಪಾಯಿಂಟ್ ಕೂಡ ಮೇಲೇರುತ್ತದೆ, ಅಂತರ ತೆರೆದುಕೊಳ್ಳುವುದಿಲ್ಲ. ಮೆಟಾರ್‌ನಲ್ಲಿ ಎರಡನ್ನೂ ಪೂರ್ಣ ಡಿಗ್ರಿಗೆ ಸರಿಹೊಂದಿಸಿ ಬರೆಯುವುದರಿಂದ 400 ಅಡಿ ಆಚೀಚೆ ಆಗಬಹುದು. ಗಾಳಿ ಕಲಕಿ ಎದ್ದ ಮೋಡಕ್ಕೆ ಒಪ್ಪುವ ಲೆಕ್ಕ ಇದು. ಬೇರೆಡೆಯಿಂದ ತೇಲಿ ಬಂದ ಪದರಕ್ಕೆ ಒಪ್ಪಲೇಬೇಕೆಂದಿಲ್ಲ.

ಹೊಸಬರು ಪ್ರತಿ ಸಲ ಎಡವುವ ಇನ್ನೊಂದು ಜಾಗ: ಮೆಟಾರ್‌ನ 900 ಅಡಿ ಏರೋಡ್ರೋಮ್‌ನ ನೆಲದಿಂದ. ಕ್ಯೂಎನ್‌ಎಚ್ (ಸಮುದ್ರ ಮಟ್ಟಕ್ಕೆ ಹೊಂದಿಸಿದ ಗಾಳಿಯ ಒತ್ತಡ) ಹಾಕಿದ ಆಲ್ಟಿಮೀಟರ್, ಅಂದರೆ ಎತ್ತರ ಮಾಪಕ, ತೋರಿಸುವುದು ಸಮುದ್ರ ಮಟ್ಟದಿಂದ. ನೆಲವೇ 2000 ಅಡಿ ಎತ್ತರದಲ್ಲಿದ್ದರೆ ಮುಳ್ಳು 2900 ತೋರಿಸುವಾಗ ಮೂಗು ಮೋಡದಲ್ಲಿರುತ್ತದೆ.

ಬೆಳಗ್ಗೆ 7.15

ಹೊರಗೆ ಕಟ್ಟಿದ ಎರಡು ಸೆಸ್ನಾ 172 ತರಬೇತಿ ವಿಮಾನಗಳನ್ನು ಒಂದು ಸುತ್ತು ನೋಡಿ ಬರುವ ಹೊತ್ತು. ರಾತ್ರಿ ಮಳೆಗೆ ಹಗ್ಗ ನೆನೆದಿದೆ. ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ, ಬಿಗಿಯಾಗಿ ಕಟ್ಟಿದ್ದರೆ ರೆಕ್ಕೆಯನ್ನೇ ಕೆಳಕ್ಕೆ ಎಳೆಯುತ್ತದೆ. ನೈಲಾನ್ ಹಿಗ್ಗುತ್ತದೆ, ಸಡಿಲಾದರೆ ಪ್ರತಿ ಬೀಸಿಗೂ ವಿಮಾನ ಜಗ್ಗಿ ಜಗ್ಗಿ ನಿಲ್ಲುತ್ತದೆ. ಒಂದು ಇಂಚಿನಷ್ಟು ಸಡಿಲ ಸಾಕು. ವೇಗ ಅಳೆಯುವ ಕೊಳವೆಯ ಮುಸುಕು, ಪಿಟೊ ಕವರ್, ಇದೆ, ಚುಕ್ಕಾಣಿ ಅಲುಗದಂತೆ ಹಿಡಿಯುವ ಕಂಟ್ರೋಲ್ ಲಾಕ್ ಇದೆ, ಚಕ್ರಕ್ಕೆ ಒತ್ತು ಕೊಡುವ ಚಾಕ್ ಎರಡೂ ಕಡೆ ಇದೆ.

ನೀರು ಸೇರಿದೆಯೇ ಅಂತ ಇಂಧನ ತೆಗೆದು ನೋಡುವುದನ್ನು ಹಾರಾಟ ಇಲ್ಲದ ದಿನವೇ ನಿಧಾನವಾಗಿ ಕಲಿಸಬೇಕು. 172 ಎಸ್ ಮಾದರಿಯಲ್ಲಿ ಹೀಗೆ ಇಂಧನ ತೆಗೆಯುವ ಡ್ರೈನ್‌ಗಳು 13: ರೆಕ್ಕೆಗೆ ಐದೈದು, ಮೂಗಿನ ಕೆಳಗೆ ಮೂರು. ಎಡರೆಕ್ಕೆಯ ಮೊದಲ ಕಪ್‌ನಲ್ಲೇ ಸಿಕ್ಕಿತು. ಮೇಲೆ ತಿಳಿನೀಲಿ ಇಂಧನ 100 ಎಲ್‌ಎಲ್, ತಳದಲ್ಲಿ ಬಣ್ಣವಿಲ್ಲದ ಗೋಲಿಯಂಥ ನೀರಿನ ಹನಿ. ಕಪ್ ವಾಲಿಸಿದಂತೆಲ್ಲ ಅದು ಅತ್ತಿಂದಿತ್ತ ಉರುಳುತ್ತದೆ. ಇಷ್ಟು ಕಂಡರೆ ಸುಲಭ. ಮೋಸ ಹೋಗುವುದು ಕಪ್ ತುಂಬ ನೀರೇ ಬಂದಾಗ. ಆಗ ನಡುವೆ ಗೆರೆ ಇರುವುದಿಲ್ಲ, ಎಲ್ಲ ಶುಭ್ರವಾಗಿ ಕಾಣುತ್ತದೆ, "ಕ್ಲೀನ್" ಅಂತ ಹೇಳಿ ಮುಂದೆ ಹೋಗುತ್ತಾರೆ. ಅದಕ್ಕೇ ಬಿಳಿ ರೆಕ್ಕೆಗೆ ಹಿಡಿದು ನೀಲಿ ಇದೆಯೇ ನೋಡಬೇಕು, ಮೂಸಬೇಕು.

ನೀರು ಬಂದ ದಾರಿ ಹೆಚ್ಚಾಗಿ ಟ್ಯಾಂಕಿನ ಮುಚ್ಚಳ. ಇಲ್ಲಿಯೂ ಅದೇ: ಮುಚ್ಚಳದ ರಬ್ಬರ್ ರಿಂಗ್ ಬಿರುಕು ಬಿಟ್ಟಿದೆ. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆಗೆ ರಾತ್ರಿ ತೇವ ಕಟ್ಟುವುದೂ ಉಂಟು. ರೆಕ್ಕೆ ಅಲುಗಾಡಿಸಿ, ಬಾಲ ತಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದರೆ ಮೂಲೆಯಲ್ಲಿ ಅಡಗಿದ ನೀರೂ ಇಳಿಯುತ್ತದೆ. ಮೂರನೇ ಸಲಕ್ಕೆ ಬರೀ ನೀಲಿ ಬಂತು. ಆದರೂ ರಿಂಗ್ ಬದಲಾಗುವವರೆಗೆ ಈ ವಿಮಾನ ಪಟ್ಟಿಯಿಂದ ಹೊರಗೆ.

"ಹಾರದಿದ್ದರೆ ಹತ್ತು ನಿಮಿಷ ಎಂಜಿನ್ ಆದರೂ ಓಡಿಸೋಣವಾ ಸರ್?" ಮಳೆಗಾಲದ ಖಾಯಂ ಪ್ರಶ್ನೆ. ಬೇಡ. ನೆಲದ ಮೇಲೆ ಓಡಿಸಿದರೆ ಆಯಿಲ್ ಒಳಗಿನ ತೇವ ಹಾರಿಹೋಗುವಷ್ಟು ಬಿಸಿಯಾಗುವುದಿಲ್ಲ. ಉರಿಯುವಾಗ ಹುಟ್ಟುವ ನೀರು ಮಾತ್ರ ಇನ್ನಷ್ಟು ಸೇರುತ್ತದೆ. ಪ್ರೊಪೆಲರ್ ಕೈಯಲ್ಲಿ ತಿರುಗಿಸುವುದೂ ಉಪಕಾರವಲ್ಲ, ಸಿಲಿಂಡರ್ ಗೋಡೆಗೆ ಅಂಟಿದ ಎಣ್ಣೆಯನ್ನು ಪಿಸ್ಟನ್ ರಿಂಗ್‌ಗಳು ಒರೆಸಿಬಿಡುತ್ತವೆ. ಹಾರಿಸಿದರೆ ಅರ್ಧ ಗಂಟೆಯಾದರೂ ಸರಿಯಾದ ಬಿಸಿಯಲ್ಲಿ ಹಾರಿಸಬೇಕು, ಇಲ್ಲದಿದ್ದರೆ ಸುಮ್ಮನೆ ಬಿಡಬೇಕು.

ಬೆಳಗ್ಗೆ 9.30

22/20, ಕದಲಿಲ್ಲ. ಫೋನ್‌ನಲ್ಲಿ ಹೇಳಿದ ಗಂಟೆಗೆ ಹೇಳಿದಂತೆಯೇ ರದ್ದು. ಬಂದವರಿಗೆ ಬೋರ್ಡ್ ಮುಂದೆ ಪಾಠ.

ಅಡ್ಡಗಾಳಿಗೆ ಗಡಿಯಾರದ ಲೆಕ್ಕ: ರನ್‌ವೇಗೂ ಗಾಳಿಗೂ ನಡುವಿನ ಕೋನವನ್ನು ನಿಮಿಷ ಅಂದುಕೊಳ್ಳಿ. 15 ಅಂದರೆ ಕಾಲು ಭಾಗ, 30 ಅಂದರೆ ಅರ್ಧ, 45 ಅಂದರೆ ಮುಕ್ಕಾಲು, 60 ದಾಟಿದರೆ ಇಡೀ ಗಾಳಿಯೇ ಅಡ್ಡ. ರನ್‌ವೇ 27 ಅಂದರೆ 270 ಡಿಗ್ರಿಯ ದಿಕ್ಕು, ಅದಕ್ಕೆ ಬೆಳಗಿನ ಗಾಳಿ 30 ಡಿಗ್ರಿ ಓರೆ, ಹಾಗಾಗಿ 4 ನಾಟ್. ಗಾಳಿಯಿಂದ ಇವತ್ತು ಏನೂ ತೊಂದರೆ ಇರಲಿಲ್ಲ, ಆಗ.

ನೀರು ನಿಂತ ರನ್‌ವೇ ಮೇಲೆ ಟೈರ್ ತೇಲತೊಡಗುವ ವೇಗಕ್ಕೂ ಒಂದು ಸೂತ್ರವಿದೆ: ಪಿಎಸ್‌ಐನಲ್ಲಿ ಟೈರ್ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ. 29 ಪಿಎಸ್‌ಐ ಟೈರ್‌ಗೆ ಸುಮಾರು 48 ನಾಟ್. "ಇದೆಲ್ಲ ದೊಡ್ಡ ಜೆಟ್‌ಗಳ ಸಮಸ್ಯೆ" ಅನ್ನುವವರು ತಮ್ಮ ತರಬೇತಿ ವಿಮಾನ ನೆಲ ಮುಟ್ಟುವ ವೇಗವನ್ನು ಪಕ್ಕದಲ್ಲಿಟ್ಟು ನೋಡಲಿ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿ ಹಾರಿಸಲು ಕಲಿಯದ 20 ಜನರನ್ನು ಹೊರಗೇನೂ ಕಾಣದ ಸ್ಥಿತಿಗೆ ಒಡ್ಡಿದ ಪ್ರಯೋಗವೊಂದಿದೆ. ಸರಾಸರಿ 178 ಸೆಕೆಂಡಿಗೆ ಹತೋಟಿ ತಪ್ಪಿತು. ಈ 178ನ್ನು ಎಲ್ಲರೂ ಹೆದರಿಸಲು ಬಳಸುತ್ತಾರೆ. ಆ ಪ್ರಯೋಗ ನಡೆದದ್ದು ಮೋಡಕ್ಕೆ ಸಿಕ್ಕವರು 180 ಡಿಗ್ರಿ ತಿರುಗಿ ಹೊರಬರುವ ವಿಧಾನ ಕಲಿಸಲು ಅನ್ನುವುದನ್ನು ಮರೆಯುತ್ತಾರೆ. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ 180ಕ್ಕೆ ಬೇಕಾದದ್ದು ಒಂದೇ ನಿಮಿಷ, 90 ನಾಟ್‌ನಲ್ಲಿ ರೆಕ್ಕೆ ವಾಲಬೇಕಾದದ್ದು 14 ಡಿಗ್ರಿ. ಒಳಹೊಕ್ಕ ತಕ್ಷಣ ತಿರುಗಿದವನಿಗೆ ಸಮಯವಿದೆ. "ಇನ್ನೇನು ಆಚೆ ಬರ್ತೀವಿ" ಅಂತ ಎರಡು ನಿಮಿಷ ನೇರ ಹೋದವನಿಗೆ ಇಲ್ಲ.

ಮಧ್ಯಾಹ್ನ 12.10

ತುಂತುರು ನಿಂತಿದೆ. 24/20, ಮೋಡ 1500, ಗೋಚರತೆ 6 ಕಿಲೋಮೀಟರ್. ಇದೇ ಕೆಟ್ಟ ಹೊತ್ತು. ಗುಡುಗು ಸಿಡಿಲಿನ ನಡುವೆ ಹಾರುತ್ತೇನೆ ಅನ್ನುವವರು ಯಾರೂ ಇಲ್ಲ. ಜನ ಕೆಡುವುದು ಇಂಥ ಅರೆಬರೆ ಹವೆಯಲ್ಲಿ. ನೋಟ್‌ಬುಕ್‌ನಲ್ಲಿರುವ ಮಿತಿ: ಜೊತೆಗೆ ಕೂತು ಸರ್ಕ್ಯೂಟ್‌ಗೆ ಮೋಡ 1500, ಗೋಚರತೆ 5, ಸೋಲೊಗೆ, ಅಂದರೆ ವಿದ್ಯಾರ್ಥಿ ಒಬ್ಬನೇ ಹಾರಲು, 2000 ಮತ್ತು 8. ಇವತ್ತಿನ ಸರದಿ ಸೋಲೊ. ವಿದ್ಯಾರ್ಥಿ ಪಶ್ಚಿಮದ ನೀಲಿ ಕಿಂಡಿ ತೋರಿಸುತ್ತಾನೆ. ಕಿಂಡಿಯಲ್ಲಿ ಏರಬಹುದು, ಇಳಿಯುವ ಹೊತ್ತಿಗೆ ಅದು ಅಲ್ಲಿರಬೇಕಲ್ಲ.

ವಿಮಾನ ನಿಲ್ದಾಣದ ಹವಾ ಮುನ್ಸೂಚನೆ ಟ್ಯಾಫ್‌ನಲ್ಲಿ "ಟೆಂಪೊ" ಗುಡುಗು ಮಳೆ ಎಂದಿದೆ. ಟೆಂಪೊ ಅಂದರೆ ಪ್ರತಿ ಸಲ ಒಂದು ಗಂಟೆಗಿಂತ ಕಡಿಮೆ, ಒಟ್ಟಾರೆ ಆ ಅವಧಿಯ ಅರ್ಧಕ್ಕಿಂತ ಕಡಿಮೆ. ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಸೋಲೊ ಸರ್ಕ್ಯೂಟ್ ಒಂದಕ್ಕೆ ಬೇಕಾದದ್ದು ಆರು ನಿಮಿಷ. ಅದು ಯಾವ ಆರು ನಿಮಿಷ ಅನ್ನುವುದು ಟ್ಯಾಫ್‌ನಲ್ಲಿಲ್ಲ.

ಮಧ್ಯಾಹ್ನ 2.25

ಬಿಸಿಲು ಬಿತ್ತು, ಅಂತರ ಆರಕ್ಕೆ ಹೋಯಿತು, ಮೋಡ 2400 ಅಡಿಗೆ ಎದ್ದಿತು. ಬೆಳಗ್ಗೆ ಬೇಡಿಕೊಂಡದ್ದೆಲ್ಲ ಸಿಕ್ಕಿತು. ಅದೇ ಬಿಸಿಲು ನೆನೆದ ನೆಲವನ್ನು ಕಾಯಿಸಿ ವಾಯವ್ಯದಲ್ಲಿ ಹೂಕೋಸಿನಂತೆ ಗೋಪುರ ಎಬ್ಬಿಸಿದೆ. ನೋಡನೋಡುತ್ತ ಅದರ ನೆತ್ತಿಯ ಅಂಚು ಮಸುಕಾಗಿ ಹರಡಿತು, ಅಂದರೆ ಮೇಲೆ ಹಿಮವಾಗುತ್ತಿದೆ, ಗುಡುಗು ಮೋಡ ಬಲಿಯುತ್ತಿದೆ. ದೂರ 15 ನಾಟಿಕಲ್ ಮೈಲಿಯೂ ಇಲ್ಲ, ಬಿಡಬೇಕಾದ ಅಂತರ 20. ಮಳೆ ಇಲ್ಲಿಗೆ ಮುಟ್ಟುವ ಮೊದಲೇ ತಣ್ಣನೆ ಗಾಳಿ ನುಗ್ಗಿತು. ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ, ವಿಂಡ್‌ಸಾಕ್, ಒಮ್ಮೆ ಜೋತುಬಿದ್ದು, ಮರುಕ್ಷಣ ಬೇರೆ ದಿಕ್ಕಿಗೆ ನೆಟ್ಟಗಾಯಿತು: 330 ಡಿಗ್ರಿಯಿಂದ 22 ನಾಟ್. ರನ್‌ವೇ 27ಕ್ಕೆ 60 ಡಿಗ್ರಿ ಓರೆ, ನಿಖರವಾಗಿ ಲೆಕ್ಕ ಹಾಕಿದರೆ 19 ನಾಟ್ ಅಡ್ಡ. 172ರ ಕೈಪಿಡಿಯಲ್ಲಿ ಪ್ರಯೋಗಿಸಿ ತೋರಿಸಿದ ಅಡ್ಡಗಾಳಿ 15.

ಸಂಜೆ 6.00

ಹಾರಾಟ: 0.0. ಹಾರಿದ ಗಂಟೆಗೆ ಮಾತ್ರ ಸಂಬಳ ಎಣಿಸುವ ಪದ್ಧತಿ ಇರುವ ಕಡೆ ಈ ಸೊನ್ನೆ ಬರೆಯುವ ಕೈ ನಡುಗುತ್ತದೆ. ಮಿತಿಗಳನ್ನು ಮೊದಲೇ ಬರೆದಿಡುವುದು ಅದಕ್ಕೂ ಸೇರಿಯೇ.

ಆಕಾಶ ಪೂರ್ತಿ ತೆರೆದಿದೆ, ಗಾಳಿ 3 ನಾಟ್. ನಾಳೆ ಬೆಳಗ್ಗೆ ಆರಕ್ಕೇ ಬರಲೇ ಅಂತ ಮೂವರು ಕೇಳಿದರು. ನೆನೆದ ನೆಲ, ಮೋಡವಿಲ್ಲದ ರಾತ್ರಿ, ಸತ್ತ ಗಾಳಿ: ಮಂಜು ಕಟ್ಟಲು ಬೇಕಾದದ್ದೆಲ್ಲ ಇದೆ. ಈಗಲೇ 23/21. ಸೂರ್ಯ ಹುಟ್ಟಿದ ಕೂಡಲೇ ಕರಗುತ್ತದೆ ಅನ್ನುವಂತೆಯೂ ಇಲ್ಲ, ಮೊದಲ ಬಿಸಿಲಿಗೆ ಗಾಳಿ ಸ್ವಲ್ಪ ಕಲಕಿ ಮಂಜು ಇನ್ನೂ ದಪ್ಪವಾಗುವುದುಂಟು. ಆರರ ಸಾಲು ಅಳಿಸಿ 9 ಅಂತ ಬರೆದಾಯಿತು. ಕೆಳಗೆ ಸಣ್ಣದಾಗಿ: ಎಡ ಮುಚ್ಚಳದ ರಿಂಗ್.