ನೀಲಿ ಬಣ್ಣ ಎಲ್ಲಿಗೆ ಹೋಯಿತು?

ಬೆಂಗಳೂರು, 14 ಮಾರ್ಚ್ 2024, ಗುರುವಾರ

ಬೆಳಕಿನಲ್ಲಿ ಬಣ್ಣವನ್ನು ಒಡೆಯುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಬೆರೆಸಿದ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣವನ್ನು ಬಿಸಿಲಿಗಿಡುವ ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕಬೇಕೆಂದು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಇಂದು ಪಟ್ಟು ಹಿಡಿದು ಹೇಳಿದೆ. ಆಮೇಲೆ ವೇಗವಾಗಿ ತಿರುಗಿಸಿ ಪುಡಿಯನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜ್‌ನಿಂದ ತೆಗೆದ ನಳಿಕೆಯ ತಳದಲ್ಲಿ ಬಿಳಿ ಪುಡಿ ತಿಳಿನೀಲಿಯಾಗಿ ಕುಳಿತಿತ್ತು, ಮೇಲಿನ ದ್ರಾವಣದ ನೀಲಿ ಅಷ್ಟರಮಟ್ಟಿಗೆ ಇಳಿದಿತ್ತು. ಬೆಳಕು ಸೋಕುವ ಮೊದಲೇ ಹೋದ ಈ ಬಣ್ಣ ಒಡೆದದ್ದಲ್ಲ, ಪುಡಿಯ ಮೈಗೆ ಅಂಟಿಕೊಂಡದ್ದು. ದ್ರಾವಣ ಪ್ರತ್ಯಾಮ್ಲೀಯವಾದಷ್ಟೂ ಪುಡಿಯ ಮೈ ಋಣಾವೇಶ ಪಡೆಯುವುದರಿಂದ, ಧನಾವೇಶವುಳ್ಳ ಈ ಬಣ್ಣ ಇನ್ನೂ ಹೆಚ್ಚಾಗಿ ಅಂಟುತ್ತದೆ. ಈ ಪಾಲನ್ನು ಕಳೆಯದೆ ಬರೆದ, ಬಣ್ಣ ಎಷ್ಟು ಒಡೆಯಿತೆಂಬ ಶೇಕಡಾವಾರು ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಈ ಪುಡಿಯ ನಿಜವಾದ ಶಕ್ತಿ ಏನೆಂಬುದನ್ನು ಜಪಾನಿನ ವಿಜ್ಞಾನಿಗಳಾದ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ 1972ರಲ್ಲಿಯೇ ತೋರಿಸಿದ್ದರು. ನೀರಿನಲ್ಲಿ, ಇದೇ ವಸ್ತುವಿನ ರೂಟೈಲ್ ಎಂಬ ಹರಳು ರೂಪದ ವಿದ್ಯುದ್ವಾರದ ಮೇಲೆ ಬೆಳಕು ಬಿದ್ದಾಗ ಅಲ್ಲಿ ಆಮ್ಲಜನಕವೂ, ಅದಕ್ಕೆ ಜೋಡಿಸಿದ ಪ್ಲಾಟಿನಂ ಬಳಿ ಜಲಜನಕವೂ ಹೊರಬಂದವು. ನಾವು ಬಳಸುವ ಅನಟೇಸ್ ಎಂಬ ಇನ್ನೊಂದು ಹರಳು ರೂಪದಲ್ಲಿ ಎಲೆಕ್ಟ್ರಾನ್ ಮೇಲಿನ ಶಕ್ತಿಪಟ್ಟಿಗೆ ಜಿಗಿಯಲು ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ, ಅಂದರೆ ಸುಮಾರು 388 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ನೇರಳಾತೀತ ಬೆಳಕು ಬೇಕು. ಬಿಸಿಲಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ಐದರ ಆಸುಪಾಸು ಮಾತ್ರ. ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ, ಅಂದರೆ ರಂಧ್ರವು, ನೀರಿನಿಂದ, ಬಣ್ಣವನ್ನು ಒಡೆಯುವ ಚುರುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ, ಎಲೆಕ್ಟ್ರಾನು ಕರಗಿದ ಆಮ್ಲಜನಕವನ್ನು ಸೇರುತ್ತದೆ. ಆದರೆ ಎಲೆಕ್ಟ್ರಾನ್-ರಂಧ್ರದ ಬಹುಪಾಲು ಜೋಡಿಗಳು ಯಾವ ಕೆಲಸಕ್ಕೂ ಒದಗದೆ ಮತ್ತೆ ಕೂಡಿಕೊಂಡು ಶಾಖವಾಗಿಬಿಡುತ್ತವೆ, ಮತ್ತು ಈ ಕ್ಷೇತ್ರದ ಅರ್ಧದಷ್ಟು ಶ್ರಮ ಅದನ್ನು ತಡೆಯುವುದರಲ್ಲೇ ಕಳೆದಿದೆ ಎಂದು ನನಗೆ ಅನ್ನಿಸುತ್ತದೆ.

ಮಧ್ಯಾಹ್ನ ಒಬ್ಬ ವಿದ್ಯಾರ್ಥಿನಿ, "ಸರ್, 664 ನ್ಯಾನೋಮೀಟರ್‌ನ ಶಿಖರ ಪೂರ್ತಿ ಇಳಿದರೆ ಬಣ್ಣದ ಅಣು ನಾಶವಾಯಿತು ತಾನೇ?" ಎಂದು ಕೇಳಿದಳು. ಈ ಬಣ್ಣ ಅತಿ ಹೆಚ್ಚು ಬೆಳಕು ಹೀರುವ ತರಂಗಾಂತರ ಅದು, ಆದರೂ ಹಾಗೆ ಹೇಳಲು ಬರುವುದಿಲ್ಲ. ಆಮ್ಲಜನಕ ಸಾಲದಿದ್ದರೆ ಮೆಥಿಲೀನ್ ಬ್ಲೂ ಎಲೆಕ್ಟ್ರಾನ್ ಪಡೆದು ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ತಿರುಗುತ್ತದೆ, ಗಾಳಿ ತಾಗಿದರೆ ಮತ್ತೆ ನೀಲಿಯಾಗುತ್ತದೆ. ಅದಲ್ಲದೆ ಈ ಬಣ್ಣ ತಾನೇ ಕೆಂಪು ಬೆಳಕನ್ನು ಹೀರಿ, ಪುಡಿಗೆ ಎಲೆಕ್ಟ್ರಾನ್ ದಾಟಿಸಿ, ಆ ದಾರಿಯಲ್ಲಿ ತಾನೇ ಕೆಡುತ್ತದೆ. ಆದ್ದರಿಂದ "ಗೋಚರ ಬೆಳಕಿನಲ್ಲೂ ನಮ್ಮ ಪುಡಿ ಕೆಲಸ ಮಾಡುತ್ತದೆ" ಎಂದು ಹೇಳಲು ಇದೊಂದೇ ಸಾಕ್ಷಿ ಸಾಲದು. ಅಸಿಟಿಕ್ ಆಮ್ಲದಂಥ ಬಣ್ಣವಿಲ್ಲದ ವಸ್ತುವನ್ನು ತೆಗೆದುಕೊಂಡು, ಅದು ಒಡೆದಾಗ ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದು ಕಷ್ಟವಾದರೂ ಸರಿಯಾದ ದಾರಿ.

ನಮ್ಮ ಊರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂ. ಎಸ್. ಹೆಗ್ಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡ ಟೈಟಾನಿಲ್ ನೈಟ್ರೇಟ್ ಮತ್ತು ಗ್ಲೈಸಿನ್ ಬಳಸಿ, ದಹನ ವಿಧಾನದಿಂದ ಅನಟೇಸ್ ಪುಡಿ ಮಾಡಿ ಹಲವು ಬಣ್ಣಗಳ ಮೇಲೆ ಪರೀಕ್ಷಿಸಿತ್ತು. ನಾಳೆ ಅದೇ ವಿಧಾನದ ಪುಡಿಯನ್ನು ತೆಗೆದುಕೊಳ್ಳುತ್ತೇವೆ. ಪುಡಿಯಿಲ್ಲದೆ ಬಿಸಿಲಿನಲ್ಲಿ ಒಂದು ಬೀಕರ್, ಪುಡಿಯೊಡನೆ ಕತ್ತಲಲ್ಲಿ ಇನ್ನೊಂದು, ಮತ್ತೊಂದಕ್ಕೆ 400 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರವನ್ನು ತಡೆಯುವ ಗಾಜು. ಇವು ಮೂರೂ ಸಿದ್ಧವಾದ ಮೇಲೆಯೇ ಮುಖ್ಯ ಪ್ರಯೋಗ ಶುರು.