ದೊಡ್ಡಪ್ಪನ ಕವಳ, ಕ್ರೂಸೋನ ತಂಬಾಕು

ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ದೊಡ್ಡಪ್ಪ ಕವಳ (ತಂಬಾಕು ಹಾಕಿದ ಎಲೆಯಡಿಕೆ) ಬಿಟ್ಟ ಕಥೆ ಹೇಳದ ಮಳೆಗಾಲ ಇಲ್ಲ. ಮೊದಲು ತಾನೆಷ್ಟು ಕೆಟ್ಟಿದ್ದೆ ಅನ್ನೋದು, ಆಮೇಲೆ ಒಂದು ರಾತ್ರಿಯ ಹೆದರಿಕೆ, ಬೆಳಗಾಗುವಾಗ ಮನಸ್ಸು ಹಗುರ. ಖಾಲಿ ಸಂಚಿ ಮಾತ್ರ ಈಗಲೂ ಸೊಂಟದಲ್ಲೇ ಇದೆ, ಮಾತಿನ ನಡುವೆ ಕೈ ಅಲ್ಲಿಗೇ ಹೋಗುತ್ತದೆ.

17ನೇ ಶತಮಾನದ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಕ್ರೈಸ್ತರು, ಹೇಳುತ್ತಿದ್ದ ಮನಪರಿವರ್ತನೆಯ ಕಥೆಗಳೂ ಇದೇ ಅಚ್ಚಿನವು. ಅವರು ಅಮೆರಿಕದಲ್ಲಿ ನೆಲೆಸಿದ್ದ ಮ್ಯಾಸಚೂಸೆಟ್ಸ್‌ನಲ್ಲಂತೂ 1630ರ ದಶಕದಿಂದ, ಚರ್ಚಿನ ಪೂರ್ಣ ಸದಸ್ಯರಾಗಬೇಕೆಂದರೆ ದೇವರ ಕೃಪೆ ತಮ್ಮೊಳಗೆ ಹೇಗೆ ಕೆಲಸ ಮಾಡಿತು ಅಂತ ಹೇಳಿ ಒಪ್ಪಿಸಬೇಕಿತ್ತು. ಒಂಥರಾ ಇಂಟರ್‌ವ್ಯೂ! ಜಾಸ್ತಿ ಧೈರ್ಯವಾಗಿ ಹೇಳಿದರೂ ಅನುಮಾನ. ಹಾಗಾಗಿ ದಿನಚರಿ ಬರೆದು ತಮ್ಮನ್ನೇ ತಡಕುತ್ತಿದ್ದರು.

ಆ ತಡಕಾಟವೇ ಸಾಹಿತ್ಯಕ್ಕೂ ಬಂತು. ಇಂಗ್ಲೆಂಡಿನ ಪ್ಯೂರಿಟನ್ ಬೋಧಕ ಜಾನ್ ಬನ್ಯನ್ ಜೈಲಿನಲ್ಲಿದ್ದಾಗ, 1666ರಲ್ಲಿ, ಅವನ ಆತ್ಮಕಥೆ ಅಚ್ಚಾಯಿತು. ಡೇನಿಯಲ್ ಡೆಫೋನ 1719ರ ಕಾದಂಬರಿ ರಾಬಿನ್ಸನ್ ಕ್ರೂಸೋ ಸುಮ್ನೆ ದ್ವೀಪದ ಸಾಹಸ ಅಂದುಕೊಂಡಿದ್ದೆ. ಈಚೆಗೆ ಕಾರವಾರದ ಬೀಚಲ್ಲಿ ಕೂತು ಪೂರ್ತಿ ಓದಿದೆ. ಜ್ವರ ಬಂದು, ಕನಸಲ್ಲಿ ಹೆದರಿ, ಮದ್ದಿಗೆಂದು ತಂಬಾಕು ಹುಡುಕಿ ಪೆಟ್ಟಿಗೆ ತೆರೆದವನಿಗೆ ಅಲ್ಲೇ ಬೈಬಲ್ಲೂ ಸಿಗುತ್ತದೆ, ಎಲೆ ಜಗಿದು ತಲೆ ತಿರುಗುತ್ತಿದ್ದರೂ ಓದಲು ಕೂರುತ್ತಾನೆ. ನನಗೆ ಇಡೀ ಪುಸ್ತಕದ ಜೀವಾಳವೇ ಇದು.

1902ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ‘ಎರಡು ಸಲ ಹುಟ್ಟಿದವರ’, ಅಂದರೆ ಒಳಗಿನ ತಳಮಳ ದಾಟಿ ಹೊಸ ಮನುಷ್ಯರಾದವರ ಬಗ್ಗೆ ಬರೆದಾಗಲೂ ಬನ್ಯನ್‌ನನ್ನು ಉದಾಹರಿಸಿದ. ದೇವರ ವಿಷಯ ಮನಶ್ಶಾಸ್ತ್ರವೂ ಆಯಿತು, ಅಲ್ವಾ?

ದೊಡ್ಡಪ್ಪನಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿ, ಸಂಚಿ ಮುಟ್ಟಿಕೊಂಡು ಅಂದರು: "ಅದೆಲ್ಲ ಸರಿ ತಮ್ಮಾ, ಅವ ತಂಬಾಕು ಬಿಟ್ಟನೋ ಇಲ್ವೋ?"